ಮೇಜಿನ ಮೇಲೆ ಅಪ್ಪ

ಅಪ್ಪ ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದು ಹೇಳಿದ್ದ ಮಧ್ಯಾಹ್ನ ನಾನು ಅವನನ್ನು ಮ್ಯೂಸಿಯಮ್ಮಿನ ಮೆಟ್ಟಿಲ ಮೇಲೆ ಕಂಡೆ. ಪಕ್ಕದಲ್ಲಿ ಹಸಿರು ಸ್ವೆಟರ್ ತೊಟ್ಟ ಹೆಂಗಸೊಬ್ಬಳಿದ್ದಳು. ಇಬ್ಬರೂ ನನ್ನ ಕಿರುಬೆರಳ ಉಗುರಿಗಿಂತ ಚಿಕ್ಕವರಿದ್ದರು.

ಅಷ್ಟು ಚಿಕ್ಕವರಾಗಿ ಕಂಡದ್ದಕ್ಕೆ ಕಾರಣವಿದೆ. ನಮ್ಮ ಊರಿನ ನಡುಪೇಟೆಯಲ್ಲಿ ಒಂದು ಹಳೆಯ ನೀರಿನ ಗೋಪುರವಿದೆ. ಅದರಲ್ಲಿ ನೀರು ತುಂಬಿಸುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ನೆತ್ತಿಯ ಮೇಲಿನ ಕೋಣೆಗೆ ಕಿಟಕಿಗಳಿಲ್ಲ. ಚಾವಣಿಯ ನಡುವೆ ಒಂದು ಮಸೂರ, ಅದರ ಮೇಲೆ ತಗಡಿನ ಗೂಡಿನಲ್ಲಿ ಓರೆಯಾಗಿ ಕೂರಿಸಿದ ಕನ್ನಡಿ. ಕನ್ನಡಿಗೆ ಹೊರಗೆ ಕಂಡದ್ದೆಲ್ಲ ಮಸೂರದ ಮೂಲಕ ಇಳಿದು, ಕೋಣೆಯ ನಡುವಿನ ದುಂಡನೆಯ ಬಿಳಿ ಮೇಜಿನ ಮೇಲೆ ಬೀಳುತ್ತದೆ. ರಸ್ತೆ, ಮರ, ಬಸ್ಸು, ಜನ, ಎಲ್ಲವೂ ಬಣ್ಣದಲ್ಲಿ, ಎಲ್ಲವೂ ಚಲಿಸುತ್ತ, ಆದರೆ ಒಂದಿಷ್ಟೂ ಸದ್ದಿಲ್ಲದೆ. ಉದ್ದನೆಯ ಕೋಲೊಂದರಿಂದ ಕನ್ನಡಿಯನ್ನು ತಿರುಗಿಸುತ್ತ, ಬಂದವರಿಗೆ ಪೇಟೆಯನ್ನು ಒಂದು ಸುತ್ತು ತೋರಿಸುವುದು ನನ್ನ ಕೆಲಸ. ನನಗಿಂತ ಮೊದಲು ಇದು ಅಪ್ಪನ ಕೆಲಸವಾಗಿತ್ತು. ಜನ ಇದನ್ನು ಬಿಂಬದ ಕೋಣೆ ಎನ್ನುತ್ತಾರೆ. ಪ್ರವಾಸಿಗರಿಗೆ ಹಂಚುವ ನಕ್ಷೆಯಲ್ಲಿ ನಮಗೇ ಮೊದಲ ಸ್ಥಾನ. ಮೇಲಿಂದ ಎಲ್ಲ ನೋಡಿಕೊಂಡು, ಆಮೇಲೆ ಇಳಿದು ಬೇಕಾದಲ್ಲಿಗೆ ಹೋಗಲಿ ಎಂದು.

"ಇದು ರೆಕಾರ್ಡಿಂಗಾ ಮೇಡಂ?" ಎಂದು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಕೇಳುತ್ತಾರೆ.

"ಅಲ್ಲ, ಈ ಕ್ಷಣದ್ದು. ಆ ಲಾರಿ ಈಗ ಹಾರನ್ ಹೊಡೀತಾ ಇದೆ. ನಮಗೆ ಕೇಳಿಸಲ್ಲ, ಅಷ್ಟೆ."

ಆ ಹೊತ್ತಿನ ಗುಂಪಿಗೂ ಇದನ್ನೇ ಹೇಳುತ್ತಿದ್ದೆ. ಮಾತು ಅರ್ಧಕ್ಕೆ ನಿಂತಿತು. ದೂರದವರ ಮುಖ ಮೇಜಿನ ಮೇಲೆ ಕಾಣುವುದಿಲ್ಲ, ನಡಿಗೆ ಕಾಣುತ್ತದೆ. ಒಂದು ಕಾಲು ಹೇಳಿದ್ದನ್ನು ಇನ್ನೊಂದು ಕಾಲು ಕೇಳದ ಹಾಗೆ ಮೆಟ್ಟಿಲು ಹತ್ತುವವರು, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಎರಡೂ ಕೈ ಬೆನ್ನ ಹಿಂದೆ ಕಟ್ಟುವವರು, ಈ ಊರಿನಲ್ಲಿ ಇನ್ನೊಬ್ಬರಿಲ್ಲ.

"ಅದು ಮ್ಯೂಸಿಯಂ," ಎಂದೆ. "ಒಳಗೆ ತಿಮಿಂಗಿಲದ ಅಸ್ಥಿಪಂಜರ ಇದೆ. ನೋಡಲೇಬೇಕು." ಕೋಲನ್ನು ಮುಂದಕ್ಕೆ ತಿರುಗಿಸಿದೆ. ಕೈ ತಾನಾಗಿ ಮತ್ತೆ ಹಿಂದಕ್ಕೆ ತಿರುಗಿಸಿತು. ಮೆಟ್ಟಿಲು ಖಾಲಿಯಾಗಿತ್ತು.

ಆ ದಿನ ಸಂಜೆಯೊಳಗೆ ಅಪ್ಪ ನನಗೊಂದು ಉತ್ತರ ಕೊಡಬೇಕಾಗಿತ್ತು. ನಮ್ಮ ಮನೆಯ ಮೇಲಿನ ಕೋಣೆಗೆ ಬಂದು ನಮ್ಮೊಂದಿಗೆ ಇರುತ್ತಾನೋ ಇಲ್ಲವೋ ಎಂದು. ಅಮ್ಮ ಹೋದ ಮೇಲೆ ಅವನು ಮಾರುಕಟ್ಟೆಯ ಹಿಂದಿನ ಬಾಡಿಗೆ ಮನೆಯಲ್ಲಿ ಒಬ್ಬನೇ ಇದ್ದ. ಮಂಡಿ ಕೆಟ್ಟಿತ್ತು. ನಾನು ಕೇಳಿದಾಗಲೆಲ್ಲ "ಬಂದರಾಯ್ತು" ಎನ್ನುತ್ತಿದ್ದ. ಬರುತ್ತಿರಲಿಲ್ಲ. ಮೊದಲು ಗೋಡೆಯ ನೀಲಿ ಕಣ್ಣಿಗೆ ಹೊಡೆಯುತ್ತದೆ ಎಂದ. ನನ್ನ ಗಂಡ ಹಳದಿ ಹೊಡೆದರು. ಹಳದಿಯಲ್ಲಿ ಮಲಗಿದರೆ ಕಾಮಾಲೆ ಬಂದ ಹಾಗಿರುತ್ತದೆ ಎಂದ. ಬಿಳಿ ಹೊಡೆದಾಯಿತು. "ನಿಮ್ಮಪ್ಪ ಇನ್ನೊಂದು ಬಣ್ಣ ಹೇಳಿದ್ರೆ, ನಾನೇ ಹೋಗಿ ಅವರ ಮನೇಲಿ ಇದ್ದುಬಿಡ್ತೀನಿ" ಎಂದಿದ್ದರು ಇವರು, ಕೂದಲಿಗೆ ಅಂಟಿದ ಸುಣ್ಣ ಕೆರೆದುಕೊಳ್ಳುತ್ತ. ಹಾಸಿಗೆ ಹಾಕಿದ್ದೆ. ರೇಡಿಯೋ ಇಟ್ಟಿದ್ದೆ. ಆ ಖಾಲಿ ಕೋಣೆಯ ಬಾಗಿಲನ್ನು ದಿನಕ್ಕೊಮ್ಮೆ ತೆರೆದು ನೋಡುವುದು ನನಗೆ ಚಟವಾಗಿತ್ತು.

ಪ್ರದರ್ಶನ ಮುಗಿದು ಗುಂಪು ಇಳಿದುಹೋಯಿತು. ನಾನು ಕೆಳಗಿನ ಟಿಕೆಟ್ ಅಕ್ಕನಿಗೆ ಒಳಫೋನು ಮಾಡಿದೆ. ಈಕೆ ಅಪ್ಪನ ಕಾಲದಿಂದಲೂ ಅದೇ ಕಿಂಡಿಯ ಹಿಂದೆ ಕೂತವಳು. ಈ ಪೇಟೆಯಲ್ಲಿ ಗೋಪುರದ ಕನ್ನಡಿಗೆ ಕಾಣದ್ದು ಅಕ್ಕನ ಕಿಂಡಿಗೆ ಕಾಣುತ್ತದೆ.

"ಅಕ್ಕಾ, ಅಪ್ಪ ಈಕಡೆ ಬಂದಿದ್ನಾ?"

"ಬೆಳಿಗ್ಗೆ ಹಾದುಹೋದ್ರು. ಬೂಟು ಮಿರಮಿರ ಅಂತಿತ್ತು. ಎಲ್ಲಿಗೆ ಸವಾರಿ ಅಂದೆ. ಹಲ್ಲು ಅಂದ್ರು."

"ಮೂರು ತಿಂಗಳಿಂದ ಅದೇ ಹಲ್ಲು. ಬಾಯಲ್ಲಿ ಇರೋದೇ ನಾಲ್ಕು."

"ಇರೋ ನಾಲ್ಕನ್ನ ಜೋಪಾನ ಮಾಡ್ಬೇಡ್ವೇನೇ?" ಎಂದು ನಕ್ಕಳು ಅಕ್ಕ. ಆ ನಗು ನನಗೆ ಹಿಡಿಸಲಿಲ್ಲ.

ಮುಂದಿನ ಗುಂಪು ಬರುವ ಮೊದಲೇ ಕನ್ನಡಿ ತಿರುಗಿಸಲು ಶುರುಮಾಡಿದೆ. ನಾವು ತೋರಿಸುವುದಕ್ಕೆ ಒಂದು ಕ್ರಮವಿದೆ: ಮ್ಯೂಸಿಯಂ, ದೋಣಿಕೊಳ, ಹಳೆ ಪುಸ್ತಕದ ಬೀದಿ, ಕೊನೆಗೆ ಕಾರಂಜಿಯ ಚೌಕ. ಈ ಕ್ರಮ ಅಪ್ಪನೇ ಮಾಡಿದ್ದು. ದೂರದ್ದರಿಂದ ಹತ್ತಿರಕ್ಕೆ ಬಂದರೆ ನೋಡುವವರಿಗೆ ತಾವೇ ನಡೆದು ಬಂದ ಹಾಗನಿಸುತ್ತದೆ ಎಂಬುದು ಅವನ ವಾದ. ನಾನು ಭೌತಶಾಸ್ತ್ರ ಓದಿದವಳು. ಮಸೂರದ ಸಂಗಮದೂರ ಲೆಕ್ಕ ಹಾಕಿ, ಹತ್ತಿರದಿಂದ ದೂರಕ್ಕೆ ಹೋಗುವುದೇ ಸರಿ ಎಂದು ವಾದಿಸಿದ್ದೆ. ಒಂದು ವಾರ ಹಾಗೆ ಮಾಡಿಯೂ ನೋಡಿದೆ. ಜನ ಆಕಳಿಸಿದರು.

ಈಗ ಮ್ಯೂಸಿಯಮ್ಮಿನಲ್ಲಿ ಅವರಿಲ್ಲ. ದೋಣಿಕೊಳಕ್ಕೆ ತಿರುಗಿಸಿದೆ. ಅಲ್ಲಿದ್ದರು.

ಹಂಸದ ಆಕಾರದ ತುಳಿದೋಣಿಯೊಂದರಲ್ಲಿ ಇಬ್ಬರೂ ಕೂತಿದ್ದರು. ಅಪ್ಪನ ಮಂಡಿಗೆ ಪೆಡಲು ತುಳಿಯಲಾಗುವುದಿಲ್ಲ. ಒಬ್ಬಳೇ ತುಳಿಯುತ್ತಿದ್ದಳೆಂದು ಕಾಣುತ್ತದೆ, ಹಂಸ ಒಂದೇ ಕಡೆಗೆ ವಾಲಿ ನಿಂತಲ್ಲೇ ಸುತ್ತುತ್ತಿತ್ತು. ಬಿಸಿಲು ನೀರಿನ ಮೇಲೆ ಒಡೆಯುತ್ತಿತ್ತು. ಹಸಿರು ಸ್ವೆಟರು ಹಿಂದಕ್ಕೆ ಬಾಗಿತು, ಮುಂದಕ್ಕೆ ಬಾಗಿತು. ನಗುತ್ತಿದ್ದಳೇ? ಅಕ್ಕಿಕಾಳಿನಷ್ಟಿರುವ ಮನುಷ್ಯರು ನಗುವುದೂ ಅಳುವುದೂ ಒಂದೇ ರೀತಿ ಕಾಣುತ್ತದೆ.

ಗುಂಪು ಬಂತು. ಟೋಪಿ ಹಾಕಿದ ಒಬ್ಬ ಹಿರಿಯರು, ಅವರ ಭಾವಮೈದ, ಇನ್ನೂ ಕೆಲವರು. ನಾನು ಕೊಳದಿಂದ ಶುರುಮಾಡಿದೆ. ಕೊಳದಲ್ಲೇ ಇದ್ದೆ.

"ಮೇಡಂ, ಊರಲ್ಲಿ ಈ ಹೊಂಡ ಒಂದೇನಾ ಇರೋದು?" ಎಂದರು ಟೋಪಿಯವರು ಕೊನೆಗೆ.

"ಸುಮ್ನಿರಿ ಭಾವ," ಎಂದ ಭಾವಮೈದ. "ಯಾರೋ ಮುಳುಗ್ತಾ ಇರ್ಬೇಕು, ಅದನ್ನೇ ಕಾಯ್ತಿದಾರೆ."

ಎಲ್ಲರೂ ನಕ್ಕರು. ಕತ್ತಲೆಯಲ್ಲಿ ನನ್ನ ಕಿವಿ ಬಿಸಿಯಾಯಿತು. ಒಬ್ಬರ ಮೇಲೇ ಕನ್ನಡಿ ನಿಲ್ಲಿಸಬಾರದು ಎಂಬುದು ಈ ಕೋಣೆಯ ನಿಯಮ. ಅದನ್ನೂ ಅಪ್ಪನೇ ಹೇಳಿಕೊಟ್ಟದ್ದು. ಮೇಲಿಂದ ನೋಡುವವರಿಗೆ ಕೆಳಗಿನವರ ಗುಟ್ಟಿನ ಮೇಲೆ ಹಕ್ಕಿಲ್ಲ, ಹಾಗೇ ಹಾದುಹೋಗಬೇಕು, ರಸ್ತೆಯಲ್ಲಿ ಎದುರು ಸಿಕ್ಕವರನ್ನು ಹಾದುಹೋಗುವ ಹಾಗೆ. ನಾನು ಪುಸ್ತಕದ ಬೀದಿಗೆ ತಿರುಗಿಸಿದೆ, ಚೌಕಕ್ಕೆ ತಿರುಗಿಸಿದೆ, ವಿವರಿಸಿದೆ, ಮತ್ತೆ ಕೊಳಕ್ಕೆ ಬಂದೆ. ಖಾಲಿ ಹಂಸ ದಡಕ್ಕೆ ಒರಗಿ ಅಲ್ಲಾಡುತ್ತಿತ್ತು.

ಅಪ್ಪನಿಗೆ ಫೋನು ಮಾಡಿದೆ. ಗಂಟೆ ಹೊಡೆದುಕೊಂಡು ನಿಂತಿತು. ಗಂಡನಿಗೆ ಮಾಡಿದೆ.

"ಹೆಂಗಸಾ? ಎಂಥ ಹೆಂಗಸು?" ಎಂದರು ಇವರು.

"ಹಸಿರು ಸ್ವೆಟರ್."

"ಬಣ್ಣದ ಮಾತು ನನ್ನ ಹತ್ರ ಎತ್ತಲೇಬೇಡ."

"ತಮಾಷೆ ಬೇಡ ರೀ. ನನಗೆ ಸುಳ್ಳು ಹೇಳಿ ಅವಳನ್ನ ಊರೆಲ್ಲ ಸುತ್ತಿಸ್ತಾ ಇದಾನೆ. ಮ್ಯೂಸಿಯಂ, ಕೊಳ. ನನ್ನನ್ನೂ ಅಮ್ಮನನ್ನೂ ಸುತ್ತಿಸ್ತಿದ್ದದ್ದು ಹಾಗೇನೇ. ಅದೇ ದಾರಿ."

"ಇರೋದೇ ಅದೊಂದು ದಾರಿ ಅಲ್ವೇನೇ?" ಎಂದರು. ಸ್ವಲ್ಪ ತಡೆದು, "ಕೋಣೆಗೆ ಪರದೆ ಕಟ್ಲೋ ಬೇಡ್ವೋ, ಅದನ್ನ ಹೇಳು. ಸ್ಟೂಲ್ ಮೇಲೆ ನಿಂತಿದೀನಿ."

"ಆಮೇಲೆ ಹೇಳ್ತೀನಿ," ಎಂದೆ. ಫೋನಿಟ್ಟೆ.

ಆಮೇಲಿನ ಗುಂಪಿನಲ್ಲಿ ಹೊಸದಾಗಿ ಮದುವೆಯಾದ ಜೋಡಿಯೊಂದಿತ್ತು. ಇಲ್ಲಿ ಬಂದವರಿಗೆ ಒಂದು ಆಟವಾಡಿಸುತ್ತೇವೆ. ಬಿಳಿ ಕಾಗದದ ತುಂಡೊಂದನ್ನು ಮೇಜಿನ ಮೇಲೆ ನಡೆಯುತ್ತಿರುವವರ ಕೆಳಗೆ ಹಿಡಿದು ಮೆಲ್ಲಗೆ ಎತ್ತಿದರೆ, ಆ ಮನುಷ್ಯ ಕಾಗದದ ಮೇಲೆ ನಡೆಯುತ್ತ ಮೇಲಕ್ಕೆ ಬರುತ್ತಾನೆ. ಬೇಗ ಎತ್ತಿದರೆ ಮಸುಕಾಗುತ್ತಾನೆ, ಕಾಗದ ಸರಿದರೆ ಜಾರಿ ಮತ್ತೆ ರಸ್ತೆಗೆ ಬೀಳುತ್ತಾನೆ. ದೊಡ್ಡವರೂ ಇದಕ್ಕೆ ಮಕ್ಕಳಾಗುತ್ತಾರೆ. ಪುಸ್ತಕದ ಬೀದಿಯಲ್ಲಿ ಆ ಹುಡುಗಿ ಕಾಗದ ಹಿಡಿದು ಕೂಗಿದಳು: "ನೋಡ್ರೀ, ತಾತನ್ನ ಎತ್ಕೊಂಡೆ!"

ಅವಳ ಕಾಗದದ ಮೇಲೆ ಅಪ್ಪ ಒಂದು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿದು ನಿಂತಿದ್ದ. ಹಸಿರು ಸ್ವೆಟರು ಅದನ್ನು ಅವನ ಕೈಯಿಂದ ತೆಗೆದು, ದೂರಕ್ಕೆ ಹಿಡಿದು, ಬಹುಶಃ ಓದಿ ಹೇಳಿತು.

"ಪಾಪ, ಕನ್ನಡಕ ಮರೆತು ಬಂದಿರ್ಬೇಕು," ಎಂದಳು ಹುಡುಗಿ. "ಹೆಂಡ್ತಿ ಓದಿ ಹೇಳ್ತಿದಾರೆ, ಎಷ್ಟು ಚೆನ್ನಾಗಿದಾರೆ ಇಬ್ರೂ!"

"ಕೆಳಗಿಡಿ," ಎಂದೆ.

"ಏನು?"

"ಕಾಗದ. ಬೇರೆಯವರಿಗೂ ಕೊಡಿ."

ನನ್ನ ದನಿ ಅಷ್ಟು ಗಡುಸಾಗಿ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. ಹುಡುಗಿ ಕಾಗದ ಬಿಟ್ಟಳು. ಅಪ್ಪ ಬೀದಿಗೆ ಜಾರಿದ. ನಾನು ಕೋಲನ್ನು ಚೌಕಕ್ಕೆ ತಿರುಗಿಸಿ ಕಾರಂಜಿಯ ವಿಷಯ ಹೇಳತೊಡಗಿದೆ. ಬಾಯಿ ಮಾತಾಡುತ್ತಿತ್ತು. ತಲೆಯೊಳಗೆ ಒಂದೇ ಲೆಕ್ಕ: ಮ್ಯೂಸಿಯಂ ಆಯಿತು, ಕೊಳ ಆಯಿತು, ಪುಸ್ತಕದ ಬೀದಿ ಆಯಿತು. ಮುಂದಿನದು ಚೌಕ. ಅವನು ಅವಳಿಗೆ ನನ್ನ ಪ್ರದರ್ಶನವನ್ನೇ ಕಾಲ್ನಡಿಗೆಯಲ್ಲಿ ತೋರಿಸುತ್ತಿದ್ದ. ಮೇಲಿಂದ ಯಾರು ನೋಡುತ್ತಿರುತ್ತಾರೆಂದು ಅವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಇಷ್ಟು ವರ್ಷ ಇದೇ ಕೋಲು ಹಿಡಿದವನು. ಬಚ್ಚಿಟ್ಟುಕೊಳ್ಳಬೇಕೆಂದಿದ್ದರೆ ಮಾರುಕಟ್ಟೆಯ ಚಾವಣಿಯ ಕೆಳಗೆ ಇಡೀ ದಿನ ಕಳೆಯಬಹುದಿತ್ತು.

ಅವರು ಚೌಕಕ್ಕೆ ಬಂದಾಗ ಗುಂಪು ಇನ್ನೂ ಮೇಜಿನ ಸುತ್ತ ಇತ್ತು.

ಕಾರಂಜಿಯಿಂದ ಸ್ವಲ್ಪ ದೂರದಲ್ಲಿ ನೆಲಕ್ಕೆ ಕೂರಿಸಿದ ಒಂದು ಕರಿಯ ಕಲ್ಲಿದೆ. ಚಪ್ಪಲಿ ತುಳಿದು ತುಳಿದು ನುಣುಪಾಗಿದೆ. ಯಾಕಿದೆ ಎಂದು ಯಾರೂ ಕೇಳುವುದಿಲ್ಲ. ಮಸೂರ ಒರೆಸಿದ ದಿನ ಅದನ್ನು ಮತ್ತೆ ಸರಿಯಾಗಿ ಕೂರಿಸಬೇಕು. ಅದಕ್ಕೆ ಒಬ್ಬರು ಆ ಕಲ್ಲಿನ ಮೇಲೆ ಕೊಡೆ ಬಿಚ್ಚಿ ನಿಲ್ಲಬೇಕು, ಮೇಲಿದ್ದವರು ಮೇಜಿನ ಮೇಲೆ ಭೂತಗನ್ನಡಿ ಹಿಡಿದು ಕೊಡೆಯ ಕಡ್ಡಿಗಳು ಒಂದೊಂದಾಗಿ ಕಾಣುವವರೆಗೆ ಮಸೂರವನ್ನು ಏರಿಸಿ ಇಳಿಸಬೇಕು. ಕಂಡಾಗ ಹಗ್ಗ ಎಳೆದರೆ ಕನ್ನಡಿ ಗೂಡಿನ ಮುಚ್ಚಳ ಒಮ್ಮೆ ಮುಚ್ಚಿ ತೆರೆಯುತ್ತದೆ. ಕೆಳಗಿನಿಂದ ನೋಡಿದರೆ ಗೋಪುರ ರೆಪ್ಪೆ ಬಡಿದ ಹಾಗೆ. ಕಂಡಿತು, ಸರಿ ಇದೆ ಎಂದು ಅರ್ಥ. ರೆಪ್ಪೆ ಬಡಿಯುವ ತನಕ ಕಲ್ಲು ಬಿಟ್ಟು ಕದಲುವ ಹಾಗಿಲ್ಲ. ಚಿಕ್ಕವಳಿದ್ದಾಗ ನಾನು ಅಲ್ಲಿ ಎಷ್ಟೋ ಬೆಳಗು ನಿಂತಿದ್ದೇನೆ, ಮೂಗು ತುರಿಸಿದರೂ ಕೆರೆದುಕೊಳ್ಳದೆ. ಕೆಲಸ ಕಲಿಯುವಾಗ ಅಪ್ಪ ನನಗಾಗಿ ನಿಂತಿದ್ದಾನೆ. ಈಗ ಫೋನಿದೆ, ಅದರ ಅಗತ್ಯವಿಲ್ಲ.

ಅಪ್ಪ ಆ ಕಲ್ಲಿನ ಮೇಲೆ ನಿಂತ. ಪಕ್ಕಕ್ಕೆ ಅವಳನ್ನು ನಿಲ್ಲಿಸಿಕೊಂಡ. ಕೊಡೆ ಬಿಚ್ಚಿದ. ತಲೆಯೆತ್ತಿ ನೇರವಾಗಿ ನನ್ನನ್ನು ನೋಡಿದ.

"ಮಳೆ ಬರ್ತಿದ್ಯಾ?" ಎಂದ ಆ ನವವರ.

"ಇಲ್ಲ," ಎಂದಳು ಹುಡುಗಿ. "ಅದೇ ತಾತ ಅಲ್ವಾ?"

ಹಗ್ಗ ನನ್ನ ಕೈಗೆಟುಕುವಷ್ಟರಲ್ಲೇ ತೂಗುತ್ತಿತ್ತು. ಎಳೆಯಲಿಲ್ಲ. ಇದು ಮಾತಾಡುವ ರೀತಿಯೇ? ಮನೆಗೆ ಬಂದು, ಕೂತು, ಹೀಗಿದೆ ಮಗಳೇ ಎಂದು ಹೇಳಲಾಗಲಿಲ್ಲವೇ? ಎರಡು ಸಲ ಬಣ್ಣ ಹೊಡೆಸಿದವನಿಗೆ? ನಿಲ್ಲಲಿ ಎನ್ನಿಸಿತು. ಗುಂಪನ್ನು ಕಳಿಸಿಕೊಟ್ಟೆ. ಬಾಗಿಲಲ್ಲಿ ಒಬ್ಬೊಬ್ಬರಿಗೂ "ತಲೆ ತಗ್ಗಿಸಿ" ಎಂದೆ, ಅಲ್ಲಿಯ ತೊಲೆ ತಗ್ಗು. ಕಾಗದಗಳನ್ನು ಜೋಡಿಸಿಟ್ಟೆ. ಮತ್ತೆ ಬಂದು ನೋಡಿದೆ. ನಿಂತಿದ್ದ.

ಒಳಫೋನು ಬಡಿಯಿತು.

"ಏನೇ, ನಿಮ್ಮಪ್ಪ ಕಲ್ಲಿನ ಮೇಲೆ ನಿಂತಿದಾರೆ," ಎಂದಳು ಟಿಕೆಟ್ ಅಕ್ಕ. "ಮೇಲೆ ನಿದ್ದೆ ಮಾಡ್ತಿದೀಯಾ?"

"ನೋಡ್ತಾ ಇದೀನಿ."

"ನೋಡ್ತಿದ್ರೆ ಬಡಿಯೇ. ಆ ಮಂಡಿ ಇಟ್ಕೊಂಡು ಎಷ್ಟು ಹೊತ್ತು ನಿಲ್ತಾರೆ?"

"ಅಕ್ಕಾ, ನಿನಗೆ ಮೊದಲೇ ಗೊತ್ತಿತ್ತಾ?"

ಅಕ್ಕ ಫೋನಿಟ್ಟುಬಿಟ್ಟಳು. ಅಕ್ಕ ತಾನಾಗಿ ಮಾತು ಮುಗಿಸುವುದು ಬಹಳ ಅಪರೂಪ.

ಮೇಜಿನ ಮೇಲೆ ಜನ ಅವರಿಬ್ಬರನ್ನು ಸುತ್ತಿಕೊಂಡು ಹೋಗುತ್ತಿದ್ದರು, ಹೊಳೆ ಬಂಡೆಯನ್ನು ಸುತ್ತುವಂತೆ. ಅಪ್ಪ ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಾಯಿಸಿದ, ಮತ್ತೆ ಎಡಗಾಲಿಗೆ. ಕೊಡೆ ಅಲ್ಲಾಡಿತು. ಅವಳು ಏನೋ ಕೇಳಿದಳು. ಅವನು ಇಲ್ಲವೆಂದು ತಲೆಯಾಡಿಸಿದ. ಮತ್ತೆ ಕೇಳಿದಳು, ಗೋಪುರದ ಕಡೆ ನೋಡಿದಳು. ಅವನು ಏನೋ ವಿವರಿಸಿದ, ಒಂದು ಕೈಯ ಬೆರಳುಗಳನ್ನು ರೆಪ್ಪೆಯಂತೆ ಮುಚ್ಚಿ ತೆರೆದು ತೋರಿಸಿದ. ಆಗ ಅವಳು ಅವನ ಕೈಯಿಂದ ಕೊಡೆ ಕಿತ್ತುಕೊಂಡಳು. ಕಿತ್ತುಕೊಂಡಳು ಎಂದೇ ಹೇಳಬೇಕು. ಅವನು ಸುಲಭವಾಗಿ ಬಿಡಲಿಲ್ಲ. ತೋಳು ಹಿಡಿದು ಅವನನ್ನು ಕಾರಂಜಿಯ ಕಟ್ಟೆಗೆ ನಡೆಸಿ ಕೂರಿಸಿದಳು. ಆಮೇಲೆ ಮರಳಿ ಬಂದು ಕಲ್ಲಿನ ಮೇಲೆ ತಾನು ನಿಂತಳು.

ಪಾದ ಜೋಡಿಸಿ, ಕೊಡೆಯನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನಿಂತಳು. ಕೊಡೆಯ ಒಳಮೈ ನನಗೆ ಕಾಣುವಂತೆ ಸ್ವಲ್ಪ ಓರೆ ಮಾಡಬೇಕೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಟ್ಟೆಯಿಂದ ಅಪ್ಪ ಕೈಸನ್ನೆ ಮಾಡಿದ. ಅವಳು ಓರೆ ಮಾಡಿದಳು. ಜಾಸ್ತಿಯಾಯಿತು. ಅವನು ಮತ್ತೆ ಸನ್ನೆ ಮಾಡಿದ. ನಾನು ಚಿಕ್ಕವಳಿದ್ದಾಗ ಮಾಡುತ್ತಿದ್ದ ತಪ್ಪೂ ಇದೇ.

ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲ ಮಸುಕಾಗಿತ್ತು. ಪುಸ್ತಕದ ಬೀದಿಯ ದೂರಕ್ಕೆ ಇಟ್ಟ ಮಸೂರವನ್ನು ನಾನು ಚೌಕಕ್ಕೆ ಬದಲಿಸಿಯೇ ಇರಲಿಲ್ಲ. ಇಷ್ಟು ಹೊತ್ತೂ ಸರಿಯಾಗಿ ನೋಡದೆಯೇ ನೋಡುತ್ತಿದ್ದೆ. ತಿರುಪು ತಿರುಗಿಸಿದೆ. ಕೊಡೆಯ ಅಂಚು ಗಟ್ಟಿಯಾಯಿತು, ಕಡ್ಡಿಗಳು ಒಂದೊಂದಾಗಿ ಬಿಡಿಸಿಕೊಂಡವು, ಅದರ ಕೆಳಗೆ ಒಂದು ಮುಖ. ನರೆತ ಕೂದಲು, ಕಿವಿಯ ಹಿಂದೆ ಸಿಕ್ಕಿಸಿದ್ದು. ಹೆದರಿದ ಮುಖ. ಪರೀಕ್ಷೆಗೆ ನಿಂತವರ ಹಾಗೆ.

ರೆಪ್ಪೆ ಬಡಿದರೆ ಕಂಡಿತು ಎಂದಷ್ಟೇ ಅರ್ಥ. ಒಪ್ಪಿದೆ ಎಂದಲ್ಲ. ಕಂಡದ್ದಂತೂ ನಿಜ.

ಹಗ್ಗ ಎಳೆದೆ. ಮೇಜು ಕಪ್ಪಾಯಿತು, ಮತ್ತೆ ತುಂಬಿಕೊಂಡಿತು. ಅಷ್ಟರಲ್ಲಿ ಅಪ್ಪ ಕಟ್ಟೆಯಿಂದ ಎದ್ದು ನಿಂತಿದ್ದ.

ಸಂಜೆಯ ಕೊನೆಯ ಪ್ರದರ್ಶನಕ್ಕೆ ಒಬ್ಬರೇ ಬಂದರು. ಮೇಜಿನ ಮೇಲೆ ಆ ಹಸಿರು ಸ್ವೆಟರಿನಾಕೆ ಗೋಪುರದತ್ತ ನಡೆದು ಬರುವುದನ್ನು ನೋಡುತ್ತಿದ್ದೆ. ಬುಡದ ಹತ್ತಿರ ಮರೆಯಾದರು. ದೀಪದ ಬುಡದಂತೆ ನಮ್ಮ ಕನ್ನಡಿಗೂ ಅಲ್ಲಿ ಕತ್ತಲೆ. ಆಮೇಲೆ ಮೆಟ್ಟಿಲ ಮೇಲೆ ಹೆಜ್ಜೆ, ಬಾಗಿಲಲ್ಲಿ ಠಕ್ಕೆಂಬ ಸದ್ದು, "ಅಯ್ಯಮ್ಮಾ!"

"ತೊಲೆ," ಎಂದೆ.

"ತಲೆ ತಗ್ಗಿಸು ಅಂತ ಎರಡು ಸಲ ಹೇಳಿದ್ರು. ಗಾಬರೀಲಿ ಮರೆತೆ." ಹಣೆ ಉಜ್ಜಿಕೊಂಡರು. "ಅವರಿಗೆ ಹತ್ತೋಕೆ ಆಗಲ್ಲ. ಒಬ್ಬಳೇ ಹೋಗು, ನನ್ನ ಮಗಳು ಕಚ್ಚಲ್ಲ ಅಂದ್ರು."

"ಅವನಿಗೇನು ಗೊತ್ತು?"

ಆಕೆ ನಕ್ಕರು, ಅರ್ಧಕ್ಕೆ ನಿಲ್ಲಿಸಿದರು. "ನಾನು ಹಲ್ಲಿನ ಡಾಕ್ಟರ ಹತ್ರ ಕೆಲಸ ಮಾಡ್ತೀನಿ. ಬಂದವರನ್ನ ಕೂರಿಸಿ, ಹೆಸರು ಕೂಗೋದು. ಇವತ್ತು ನನಗೆ ರಜಾ."

ಹಾಗಾದರೆ ಅಪ್ಪ ಪೂರ್ತಿ ಸುಳ್ಳು ಹೇಳಿರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತರಿಸಿತು.

"ನಿಜವಾಗಿ ಅವನ ಹಲ್ಲಿಗೆ ಏನಾಗಿದೆ?"

"ಅದನ್ನ ಹೇಳೋ ಹಾಗಿಲ್ಲ. ರೋಗಿಗಳ ಗುಟ್ಟು," ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ಏನೂ ಆಗಿಲ್ಲ."

ನಾನು ಕೋಲು ಹಿಡಿದೆ. ಮ್ಯೂಸಿಯಂ, ಕೊಳ, ಪುಸ್ತಕದ ಬೀದಿ. ಮಾತಿಲ್ಲದೆ ತೋರಿಸಿದೆ. ಆಕೆ ಮೇಜಿನ ಅಂಚು ಹಿಡಿದು ನೋಡುತ್ತಿದ್ದರು, ನಾವು ಅಲ್ಲೇ ಇದ್ವಿ, ಆ ಹಂಸ ನೋಡಿ, ಎನ್ನುತ್ತ. ಕೊನೆಗೆ ಚೌಕ. ಅಪ್ಪ ಕಟ್ಟೆಯ ಮೇಲೆ ಕೂತಿದ್ದ. ಎದ್ದ. ಎರಡು ಹೆಜ್ಜೆ ಹೋಗಿ ಗೋಪುರ ನೋಡಿದ. ಮತ್ತೆ ಕೂತ. ಮಂಡಿ ಉಜ್ಜಿಕೊಂಡ. ಮತ್ತೆ ಎದ್ದ.

ನಾನು ಕಾಗದದ ತುಂಡೊಂದನ್ನು ಚಾಚಿದೆ. "ಅವನ ಕೆಳಗೆ ಹಿಡಿದು ಮೆಲ್ಲಗೆ ಎತ್ತಿ. ಎಲ್ಲರೂ ಎತ್ತುತ್ತಾರೆ."

ಆಕೆ ಕಾಗದ ತೆಗೆದುಕೊಂಡು ಅವನ ಹತ್ತಿರದವರೆಗೆ ಒಯ್ದರು. ಕಾಗದದ ಅಂಚು ಅವನ ಬೂಟಿಗೆ ತಾಗಿತ್ತು. ಅಲ್ಲೇ ತಡೆದರು, ಹಿಂದಕ್ಕೆ ತೆಗೆದರು.

"ಬೇಡಮ್ಮ. ಇರಲಿ, ಓಡಾಡಿಕೊಂಡಿರಲಿ. ಎತ್ತಿ ಇಟ್ಟ ಕಡೆ ಇರೋ ಪೈಕಿ ಅಲ್ಲ ಅವರು."

ನಾನು ಕಾಗದ ವಾಪಸು ತೆಗೆದುಕೊಂಡೆ.

"ಕೋಣೆ ವಿಷಯ ನನಗೆ ಗೊತ್ತು," ಎಂದರು ಆಕೆ. "ನಿಮ್ಮ ಮುಖ ನೋಡಿ ಬರಲ್ಲ ಅನ್ನೋಕೆ ಧೈರ್ಯ ಸಾಲ್ದೆ ಬಣ್ಣದ ಮೇಲೆ ಹಾಕ್ತಿದ್ರು. ನಾನೇ ಬೈದೆ. ಪಾಪ, ಆ ಅಳಿಯನ ಕೈ ಬಿದ್ದುಹೋಗುತ್ತೆ, ಹೋಗಿ ಹೇಳ್ರೀ ಅಂತ. ಹೇಳ್ತೀನಿ, ಆದರೆ ನನಗೆ ಬರೋ ರೀತೀಲಿ ಹೇಳ್ತೀನಿ ಅಂದ್ರು. ಹೀಗೆ ಕೊಡೆ ಹಿಡಿಸ್ತಾರೆ ಅಂತ ನನಗೇನು ಗೊತ್ತು!"

ನನಗೆ ನಗು ಬಂತು. ಅದರ ಹಿಂದೆಯೇ ಇನ್ನೇನೋ ಬಂತು. ಕತ್ತಲೆಯಾದ್ದರಿಂದ ಬಚಾವಾದೆ. ಜೇಬಿನಲ್ಲಿ ಫೋನು ಅದುರುತ್ತಿತ್ತು. ಸ್ಟೂಲ್ ಮೇಲೆ ನಿಂತವರಿಗೆ ನಾನಿನ್ನೂ ಉತ್ತರ ಕೊಟ್ಟಿರಲಿಲ್ಲ. ಪರದೆ ಬೇಡ ಎಂದು ಬರೆದು ಕಳಿಸಿದೆ.

ಬೆಳಕು ಇಳಿಯುತ್ತಿತ್ತು. ಮೇಜಿನ ಮೇಲೆ ಚೌಕ ಕಂದು ಬಣ್ಣಕ್ಕೆ ತಿರುಗಿತ್ತು. ಅಪ್ಪ ಈಗ ಕರಿಯ ಕಲ್ಲಿನ ಮೇಲೆ ಬಂದು ನಿಂತಿದ್ದ, ಕೊಡೆಯಿಲ್ಲದೆ. ಕೊಡೆ ಇಲ್ಲೇ ಬಾಗಿಲಿಗೆ ಒರಗಿತ್ತು. ಅವನ ಉತ್ತರ ನನಗೆ ಸಿಕ್ಕಿತ್ತು. ಅವನಿಗೆ ನನ್ನದು ಸಿಕ್ಕಿರಲಿಲ್ಲ.

ದಿನದ ಕೊನೆಗೆ ಗೂಡಿನ ಮುಚ್ಚಳ ಹಾಕಿಯೇ ಇಳಿಯಬೇಕು. ಹಗ್ಗ ಎಳೆದು ಗೂಟಕ್ಕೆ ಸುತ್ತಿದೆ. ಅಪ್ಪ ಅಳಿಸಿಹೋದ. ಮುಚ್ಚಿದ ರೆಪ್ಪೆ ಮತ್ತೆ ತೆರೆಯದ್ದನ್ನು ಕಂಡು ಕೆಳಗೆ ಏನೆಂದುಕೊಳ್ಳುತ್ತಾನೋ, ಬೇಗ ಇಳಿಯಬೇಕು. ಕೊಡೆಗಾಗಿ ತಡಕಾಡಿದೆ. ಆಕೆಯ ಕೈಯೂ ಅಲ್ಲೇ ತಡಕಾಡುತ್ತಿತ್ತು. ಮೊದಲು ಅವರಿಗೆ ಸಿಕ್ಕಿತು.

"ದಾರಿ ಎತ್ತ?" ಎಂದರು.

ತೋಳು ಹಿಡಿದು ಬಾಗಿಲ ಕಡೆಗೆ ತಿರುಗಿಸಿದೆ. ಸ್ವೆಟರು ಒರಟಾಗಿತ್ತು, ಮನೆಯಲ್ಲೇ ಹೆಣೆದದ್ದು.

"ತಲೆ ತಗ್ಗಿಸಿ," ಎಂದೆ.